ಚಳಿಗೆ ಎದ್ದು ನಿಲ್ಲುವ ಕೂದಲು

ಚಳಿಗಾಲ ಬಂತೆಂದರೆ ನನಗೂ ನನ್ನ ತಲೆಗೂದಲಿಗೂ ಮಾತು ನಿಂತುಹೋಗುತ್ತದೆ. ಉಳಿದ ತಿಂಗಳುಗಳಲ್ಲಿ ಬೈತಲೆಯ ಎರಡೂ ಕಡೆ ತೆಪ್ಪಗೆ ಮಲಗಿರುವ ಈ ಕೂದಲು, ದೀಪಾವಳಿ ಕಳೆದು ಮೂಡಣದ ಒಣಗಾಳಿ ಬೀಸತೊಡಗಿದ ಕೂಡಲೇ ಒಂದೊಂದಾಗಿ ಎದ್ದು ನಿಲ್ಲುತ್ತದೆ. ಬಾಚಿದಷ್ಟೂ ಏಳುತ್ತದೆ. ಅಂಗೈಯಿಂದ ಒತ್ತಿದರೆ ಅಂಗೈಗೇ ಅಂಟಿಕೊಂಡು ಮೇಲಕ್ಕೆ ಬರುತ್ತದೆ. ಕನ್ನಡಿಯಲ್ಲಿ ನೋಡಿಕೊಂಡರೆ ತಲೆಯ ಸುತ್ತ ಒಂದು ತೆಳ್ಳನೆಯ ಪ್ರಭಾವಳಿ. ದೇವರ ಪಟಗಳಲ್ಲಿ ಅದು ಚೆನ್ನಾಗಿ ಕಾಣುತ್ತದೆ. ರೊಟ್ಟಿ ಬಡಿಯುತ್ತ ಕೂತ ಹೆಂಗಸಿಗೆ ಒಪ್ಪುವುದಿಲ್ಲ. ಮದುವೆಯಾಗಿ ಬಂದ ಮೊದಲ ಚಳಿಗಾಲದಲ್ಲಿ ನಮ್ಮತ್ತೆಯವರು ನನ್ನನ್ನು ಒಂದು ಗಳಿಗೆ ನೋಡಿ, "ಏನವಾ, ಬೆಕ್ಕು ಕಂಡ ಕೋಳಿಯಾಂಗ ಆಗೀಯಲ್ಲ" ಎಂದಿದ್ದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ನಾನು ಸೊಸೆಯಾಗಿ ಬಂದ ಊರು ನವಲಗುಂದದ ಕಡೆಯ ಎರೆಭೂಮಿ. ಕಣ್ಣು ಹಾಯುವಷ್ಟು ದೂರ ಜೋಳ, ಹತ್ತಿ, ಕುಸುಬೆ. ಗಾಳಿಗೆ ಅಡ್ಡ ನಿಲ್ಲಲು ಒಂದು ಗುಡ್ಡವಿಲ್ಲ, ನಾಲ್ಕು ಮರವಿಲ್ಲ. ಗಾಳಿ ಎಲ್ಲಿಂದಲೋ ಹೊರಟು ನೇರವಾಗಿ ನಮ್ಮ ಅಂಗಳಕ್ಕೇ ಬರುತ್ತದೆ. ಬರುವಾಗ ದಾರಿಯ ನೀರಿನ ಪಸೆಯನ್ನೆಲ್ಲ ಕುಡಿದು ಬಂದಿರುತ್ತದೆ. ತುಟಿ ಒಡೆಯುತ್ತದೆ, ಹಿಮ್ಮಡಿ ಸೀಳುತ್ತದೆ, ಕೊಬ್ಬರಿ ಎಣ್ಣೆ ಬಾಟಲಿಯೊಳಗೇ ಸುಣ್ಣದಂತೆ ಗಟ್ಟಿಯಾಗಿ ಕೂತು, ತಲೆ ಬಾಚಿಕೊಳ್ಳುವ ಮೊದಲು ಅದನ್ನು ಬಿಸಿಲಿಗಿಟ್ಟು ಕಾಯಬೇಕಾಗುತ್ತದೆ. ಎಂಬತ್ತರ ದಶಕದ ಆ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ಸಂಗತಿಯೂ ಸೇರಿಕೊಂಡಿತ್ತು. ಕಟ್ಟಿಗೆಯ ಹಣಿಗೆ ಹೋಗಿ ಪ್ಲಾಸ್ಟಿಕ್ಕಿನದು ಬಂದಿತ್ತು. ಹತ್ತಿಯ ಸೀರೆ ಹೊಲಕ್ಕೆ, ನೈಲಾನ್ ಸೀರೆ ಊರೊಳಗೆ ಎಂದಾಗಿತ್ತು. ರಿಬ್ಬನ್ನು ನೈಲಾನು, ಮಕ್ಕಳ ತಲೆಗೆ ಕಟ್ಟುವ ಸ್ಕಾರ್ಫೂ ನೈಲಾನು. ಹಳೆಯ ಕಾಲದ ಕೂಸುಗಳು ಹತ್ತಿಬಟ್ಟೆಯ ಕುಂಚಿಗೆ ಹಾಕಿಕೊಂಡು ಬೆಚ್ಚಗಿದ್ದವು. ನಮ್ಮ ಕಾಲದ ಕೂಸುಗಳು ಮಿರಿಮಿರಿ ಮಿಂಚುವ ಸ್ಕಾರ್ಫು ಕಟ್ಟಿಕೊಂಡು ಚಂದ ಕಾಣುತ್ತಿದ್ದವು.

ನಾನು ಧಾರವಾಡದಲ್ಲಿ ಪಿಯುಸಿವರೆಗೆ ವಿಜ್ಞಾನ ಓದಿದವಳು. ಕೂದಲು ಯಾಕೆ ಎದ್ದು ನಿಲ್ಲುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಹಣಿಗೆಯನ್ನು ಕೂದಲಿಗೆ ಉಜ್ಜಿ ಕಾಗದದ ಚೂರುಗಳ ಮೇಲೆ ಹಿಡಿದರೆ ಅವು ಟಪಟಪನೆ ಮೇಲೆ ಹಾರುವ ಪ್ರಯೋಗವನ್ನು ಯಾರು ಮಾಡಿಲ್ಲ? ಒಣಹವೆಯಲ್ಲಿ ಉಜ್ಜಿದ ವಿದ್ಯುತ್ತಿಗೆ ಓಡಿಹೋಗಲು ದಾರಿಯಿರುವುದಿಲ್ಲ. ಕೂದಲೆಲ್ಲ ಒಂದೇ ಬಗೆಯ ವಿದ್ಯುತ್ತು ಹೊತ್ತು, ಒಂದನ್ನೊಂದು ಕಂಡರಾಗದ ದಾಯಾದಿಗಳ ಹಾಗೆ ದೂರ ದೂರ ನಿಲ್ಲುತ್ತವೆ. ಇಷ್ಟು ಗೊತ್ತಿದ್ದೂ ನನ್ನ ತಲೆ ನನ್ನ ಮಾತು ಕೇಳುತ್ತಿರಲಿಲ್ಲ. ಕಾರಣ ಗೊತ್ತಾಗುವುದೇ ಬೇರೆ, ಕೂದಲು ಕೂರುವುದೇ ಬೇರೆ ಎಂದು ನನಗೆ ಆಗ ತಿಳಿಯಿತು.

ನಮ್ಮ ಹಳೆಯ ಕಾವ್ಯಗಳನ್ನು ಬರೆದವರು ಈ ಬಯಲಲ್ಲಿ ಒಂದು ಪುಷ್ಯಮಾಸ ಕಳೆದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನಿಸಿದೆ. ಅವರ ನಾಯಕಿಯರ ಮುಂಗುರುಳು ಬೇಕಾದಾಗ ಹಣೆಯ ಮೇಲೆ ಬೀಳುತ್ತದೆ, ಬೇಕಾದಾಗ ದುಂಬಿಯಾಗುತ್ತದೆ, ಮೋಡವಾಗುತ್ತದೆ. ಹಣಿಗೆಯ ಬೆನ್ನು ಹತ್ತಿ ಚಟಚಟ ಸದ್ದು ಮಾಡುತ್ತ ಆಕಾಶದ ಕಡೆ ಹೊರಟ ಕೂದಲಿನ ನಾಯಕಿಯನ್ನು ನಾನು ಎಲ್ಲಿಯೂ ಓದಿಲ್ಲ. ವಿರಹದಲ್ಲಿಯೂ ಅವರ ಕೂದಲು ಕೆದರುವುದು ಅಂದವಾಗಿಯೇ. ಈಶ್ವರನ ಜಡೆಯ ಮಾತು ಬೇರೆ. ಅದಕ್ಕೆ ಗಂಗೆಯ ನೀರೇ ಇದೆ, ಒಣಗುವ ಪ್ರಶ್ನೆಯಿಲ್ಲ.

ಮದ್ದುಗಳನ್ನು ಮಾತ್ರ ಊರಿನವರು ಧಾರಾಳವಾಗಿ ಹೇಳುತ್ತಿದ್ದರು. ಅಗಸಿ ಬೀಜ ಕುದಿಸಿ ಸೋಸಿದ ಲೋಳೆ ಹಚ್ಚಬೇಕು. ಬೆಣ್ಣೆ ಮುಟ್ಟಿದ ಕೈಯನ್ನು ಒರೆಸದೆ ತಲೆಗೆ ಸವರಿಕೊಳ್ಳಬೇಕು. ಬಾಚುವ ಮೊದಲು ಹಣಿಗೆಯನ್ನು ನೀರಲ್ಲದ್ದಬೇಕು. ಔಡಲ ಎಣ್ಣೆ, ಅಂದರೆ ಹರಳೆಣ್ಣೆಯನ್ನು ಬಿಸಿ ಮಾಡಿ ಬುಡಕ್ಕೆ ತಿಕ್ಕಬೇಕು. ನಾನು ಎಲ್ಲವನ್ನೂ ಮಾಡಿದೆ. ಅಗಸಿಯ ಲೋಳೆ ಒಣಗಿ ಕೂದಲು ಈಚಲ ಪೊರಕೆಯಾಯಿತು. ಬೆಣ್ಣೆಗೆ ಇರುವೆ ಬಂದವು. ಔಡಲ ಎಣ್ಣೆ ಮಾತ್ರ ಕೆಲಸ ಮಾಡಿತು; ಅದರ ವಾಸನೆಗೆ ನನ್ನ ಗಂಡ ಎರಡು ಮಾರು ದೂರ ಕೂತು ಚಹಾ ಕುಡಿದರು.

ಇಷ್ಟೆಲ್ಲ ತಮಾಷೆಯಾಗಿ ಹೇಳಬಹುದು. ಆದರೆ ಎದ್ದು ನಿಂತ ಕೂದಲು ತಮಾಷೆಯಾಗದ ಒಂದು ಸಂಗತಿಯನ್ನೂ ನಾನು ಕಣ್ಣಾರೆ ನೋಡಿದ್ದೇನೆ. ನೋಡಿದ್ದನ್ನು ನೋಡಿದಷ್ಟೇ ಹೇಳುತ್ತೇನೆ.

ನಮ್ಮ ಮನೆಯ ಬಾಜುವಿನ ಗೋಡೆಯಾಚೆ ಕುರಿ ಸಾಕುವವರ ಮನೆ. ಆ ಮನೆಯ ಹುಡುಗಿ ನೀಲವ್ವ, ಸಾಲಿಯಲ್ಲಿ ಮೂರನೆಯ ಇಯತ್ತೆ. ಚಳಿಗಾಲದಲ್ಲಿ ಅವಳಪ್ಪ ಕುರಿ ಹೊಡೆದುಕೊಂಡು ಅಣ್ಣಿಗೇರಿ ಕಡೆಯ ಹೊಲಗಳಿಗೆ ಹೋಗುತ್ತಿದ್ದ. ಗೊಬ್ಬರಕ್ಕಾಗಿ ಹೊಲದವರು ಮಂದೆಯನ್ನು ತಮ್ಮಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು. ಆ ವರ್ಷ ಅವಳವ್ವನೂ ಇರಲಿಲ್ಲ. ಗೌರಿ ಹುಣ್ಣಿಮೆ ಮುಗಿಯುತ್ತಲೇ ಹೆರಿಗೆಗೆಂದು ಕಲಘಟಗಿ ಕಡೆಯ ತವರಿಗೆ ಹೋಗಿದ್ದಳು. ಮನೆಯಲ್ಲಿ ಉಳಿದವರು ನೀಲವ್ವನ ಸೋದರತ್ತೆ ಗಂಗಕ್ಕ, ಮತ್ತು ಗಂಗಕ್ಕನ ತಾಯಿ, ನಾವೆಲ್ಲ ಆಯಿ ಎನ್ನುತ್ತಿದ್ದ ಮುದುಕಿ. ಗಂಗಕ್ಕ ಗಂಡ ಸತ್ತ ಮೇಲೆ ತವರಿಗೆ ಬಂದು ನಿಂತವಳು. ಇದ್ದ ಒಂದೇ ಕೂಸನ್ನು ಜ್ವರಕ್ಕೆ ಕಳೆದುಕೊಂಡಿದ್ದಳು. ಎಲ್ಲಮ್ಮನ ಹರಕೆ ತೀರಿಸದೆ ಬಿಟ್ಟದ್ದಕ್ಕೆ ಹೀಗಾಯಿತೆಂದು ಯಾರೋ ಅವಳಿಗೆ ಹೇಳಿದ್ದರು. ಆ ಮಾತನ್ನು ಅವಳು ಎಂದೂ ಮರೆಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿ ಗಂಗಕ್ಕನನ್ನು ಕೆಟ್ಟವಳೆಂದು ಯಾರೂ ತಿಳಿಯಬಾರದು.

ಹತ್ತಿ ಬಿಡಿಸುವ ದಿನಗಳು. ಗಂಗಕ್ಕ ಹೊತ್ತು ಹುಟ್ಟುವ ಮೊದಲು ಹೊಲಕ್ಕೆ ಹೋದರೆ ದೀಪ ಹಚ್ಚುವಾಗ ಬರುತ್ತಿದ್ದಳು. ಆಯಿಗೆ ಕಣ್ಣು ಮಬ್ಬು. ನೀಲವ್ವ ಕೆಂಪು ನೈಲಾನ್ ಸ್ಕಾರ್ಫು ಕಟ್ಟಿಕೊಂಡೇ ಸಾಲಿಗೆ ಹೋಗುತ್ತಿದ್ದಳು, ಕಟ್ಟಿಕೊಂಡೇ ಆಡುತ್ತಿದ್ದಳು, ಕಟ್ಟಿಕೊಂಡೇ ಕರಿಕಂಬಳಿ ಹೊದ್ದು ಮಲಗುತ್ತಿದ್ದಳು. ಮುಂದೆ ಕಾಣುವ ನಾಲ್ಕು ಕೂದಲನ್ನು ನೀರು ಹಚ್ಚಿ ಒಪ್ಪ ಮಾಡಿಕೊಂಡಿರುತ್ತಿದ್ದಳು. ತಲೆ ತೊಳಕೊಂಡೆಯಾ ಎಂದು ಅತ್ತೆ ಕೇಳಿದರೆ ಹ್ಞೂಂ ಎನ್ನುತ್ತಿದ್ದಳು. ನೈಲಾನಿನ ಮೇಲೆ ಉಣ್ಣೆ ರಾತ್ರಿಯಿಡೀ ಉಜ್ಜಿದರೆ ಒಳಗಿನ ಎಳೆಗೂದಲಿಗೆ ಏನಾಗುತ್ತದೆ ಎಂದು ಯೋಚಿಸುವಷ್ಟು ಬಿಡುವು ಯಾರಿಗೂ ಇರಲಿಲ್ಲ.

ಎಳ್ಳಮಾವಾಸ್ಯೆಯ ಮುಂಜಾನೆ. ಹೊಲಕ್ಕೆ ಹೋಗಿ ಬೆಳೆಗೆ ಎಡೆಯ ಚರಗ ಚೆಲ್ಲುವ ಮೊದಲು ಎಲ್ಲರ ತಲೆಗೂ ನೀರು ಬೀಳಬೇಕು. ನಾನು ಮೋಟುಗೋಡೆಯ ಈಚೆ, ಎಣ್ಣೆ ಬಾಟಲಿಯನ್ನು ಬಿಸಿಲಿಗಿಟ್ಟು ಕೈಯಲ್ಲಿ ಹಣಿಗೆ ಹಿಡಿದು ಕಾಯುತ್ತಿದ್ದೆ. ಆಚೆ ಗಂಗಕ್ಕ ನೀಲವ್ವನನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿ ಸ್ಕಾರ್ಫಿನ ಗಂಟು ಬಿಚ್ಚಿದಳು. ಹುಡುಗಿ ಬೇಡವೆಂದು ಕೊಸರಿದಳು. ಗಂಗಕ್ಕ ಸ್ಕಾರ್ಫನ್ನು ಒಮ್ಮೆಲೇ ಜಗ್ಗಿದಳು.

ಚಟಚಟ ಸದ್ದು ನನಗೂ ಕೇಳಿಸಿತು. ನೀಲವ್ವನ ಕೂದಲೆಲ್ಲ ಎದ್ದು ನಿಂತು ಗಂಗಕ್ಕನ ಕೈಯ ಕಡೆ ಬಾಗಿತು. ಗಂಗಕ್ಕ ಕೈ ಎತ್ತಿದರೆ ಅದೂ ಎದ್ದಿತು. ಕೈ ಬಾಜೂಕ್ಕೆ ಸರಿಸಿದರೆ ಅದೂ ಸರಿಯಿತು. ಆಮೇಲೆ ಅವಳಿಗೆ ಹಿಂದೆ ಹೆಡಕಿನ ಮೇಲೆ ಮುಷ್ಟಿಗಾತ್ರದ ಗಂಟು ಕಂಡಿತು. ಅವಳು ಎರಡು ಹೆಜ್ಜೆ ಹಿಂದೆ ಸರಿದು, ಹಸಿನೆಲದ ಮೇಲೆ ಮೊಳಕಾಲೂರಿ, ಆ ಕೂಸಿನ ಕಾಲಿಗೆ ಹಣೆ ಹಚ್ಚಿದಳು.

"ಎವ್ವಾ! ತಾಯಿ ಬಂದಾಳ ಬೇ ನಮ್ಮನಿಗೆ! ಜಡಿ ಇಳಿದಾವ!"

ಹೆಣ್ಣುಮಕ್ಕಳ ತಲೆಯಲ್ಲಿ ಕೂದಲು ಗಂಟುಗಟ್ಟಿ ಜಡೆಯಾದರೆ ಎಲ್ಲಮ್ಮ ಅವಳನ್ನು ತನ್ನವಳೆಂದು ಗುರುತು ಮಾಡಿದಳು ಎಂದು ನಮ್ಮ ಸೀಮೆಯಲ್ಲಿ ನಂಬುತ್ತಾರೆ. ಅದಕ್ಕೆ ಹಣಿಗೆ ಹಚ್ಚುವಂತಿಲ್ಲ, ಕತ್ತರಿ ತಾಗಿಸುವಂತಿಲ್ಲ. ಅಂಥ ಹುಡುಗಿಯನ್ನು ಎಲ್ಲಮ್ಮನ ಗುಡ್ಡಕ್ಕೆ ಕರೆದೊಯ್ದು ತಾಯಿಗೆ ಒಪ್ಪಿಸಿ ಬರುವ ಪದ್ಧತಿ. ಒಪ್ಪಿಸಿದ ಮೇಲೆ ಅವಳಿಗೆ ಮದುವೆಯಿಲ್ಲ. ತಲೆಯ ಮೇಲೆ ದೇವಿಯ ಬುಟ್ಟಿ ಹೊತ್ತು ಬೇಡುತ್ತ ಮನೆ ಮನೆ ತಿರುಗುವುದು. ಅದರಾಚೆಗೆ ಅವಳ ಪಾಲಿಗೆ ಏನು ಬರುತ್ತದೆಂದು ಹೆಂಗಸರು ದನಿ ತಗ್ಗಿಸಿ ಹೇಳುತ್ತಿದ್ದರು. ಇದನ್ನೆಲ್ಲ ನಿಲ್ಲಿಸಲು ಕಾಯ್ದೆ ಬಂದಿದೆ ಎಂದು ನಾನು ಪೇಪರಿನಲ್ಲಿ ಓದಿದ್ದೆ. ಆದರೆ ಗಂಗಕ್ಕ ಕಾಯ್ದೆ ಮುರಿಯುವವಳ ಹಾಗೆ ಕಾಣುತ್ತಿರಲಿಲ್ಲ. ಹೆದರಿದವಳ ಹಾಗೆ ಕಾಣುತ್ತಿದ್ದಳು.

ಸಂಜೆಯೊಳಗೆ ಓಣಿಯ ಹೆಂಗಸರೆಲ್ಲ ಬಂದು ಹೋದರು. ನೀಲವ್ವನ ಹಣೆಗೆ ಭಂಡಾರ ಹಚ್ಚಿದರು, ಕೊರಳಿಗೆ ಬೇವಿನ ಎಲೆ ಹಾಕಿದರು, ಕಾಲಿಗೆ ನೀರು ಹಾಕಿದರು. ಸಾಲಿ ಬಿಡಿಸಿದರು. ಹದಿನೈದು ದಿನಕ್ಕೆ ಬರುವ ಬನದ ಹುಣ್ಣಿಮೆಗೆ ಗುಡ್ಡಕ್ಕೆ ಹೋಗುವುದೆಂದು ಗಂಗಕ್ಕ ಗೊತ್ತು ಮಾಡಿ, ಅಣ್ಣನಿಗೆ ಹೇಳಿ ಕಳಿಸಿದಳು. ತವರಿನಲ್ಲಿ ಆಗಷ್ಟೇ ಹಡೆದಿದ್ದ ನೀಲವ್ವನ ಅವ್ವನಿಗೆ ಈಗ ಹೇಳುವುದು ಬೇಡ, ಬಾಣಂತಿ ಎದೆ ಒಡೆದುಕೊಂಡಾಳು ಎಂದು ಸುಮ್ಮನಾದರು. ಹುಡುಗಿಗೆ ಮೊದಲ ದಿನ ಸಡಗರವೇ ಆಗಿತ್ತು. ಎರಡನೆಯ ದಿನ ಅವಳು ಆಡಲು ಕರೆದರೆ ಓಣಿಯ ಗೆಳತಿಯರು ಬರಲಿಲ್ಲ. ದೂರದಿಂದ ಕೈಮುಗಿದು ಓಡಿಹೋದರು. ಹಾಲಿನ ಚರಿಗೆ ಚೆಲ್ಲಿದರೂ ಯಾರೂ ಬೈಯಲಿಲ್ಲ. ಗಂಗಕ್ಕ ಅವಳಿಗೆ "ಉಣ್ಣವಾ ತಾಯಿ" ಎನ್ನುತ್ತಿದ್ದಳು. ಆ ಕೂಸು ದೇವರ ಜಗಲಿಯ ಬಾಜೂಕ್ಕೆ ಕೂತು ಒಬ್ಬೊಬ್ಬರ ಮುಖವನ್ನೇ ನೋಡುತ್ತಿತ್ತು.

ನನ್ನ ವಿಜ್ಞಾನವನ್ನು ನಾನು ಮೂರನೆಯ ದಿನ ಹೊರತೆಗೆದೆ. ಹಣಿಗೆ, ಕಾಗದದ ಚೂರು ತೆಗೆದುಕೊಂಡು ಹೋಗಿ ಗಂಗಕ್ಕನ ಮುಂದೆ ಕೂತೆ.

"ಗಂಗಕ್ಕಾ, ಇಲ್ಲೆ ನೋಡ್ರಿ. ಈ ಹಣಗಿ ತಲಿಗೆ ತಿಕ್ಕತೀನಿ. ಈಗ ನೋಡ್ರಿ, ಕಾಗದ ಹಾರಿದ್ವು. ನೀಲವ್ವಗ ಆಗಿದ್ದೂ ಇದ. ಸ್ಕಾರ್ಫು ತಿಕ್ಕಿ ತಿಕ್ಕಿ ಆಗೈತಿ."

ಗಂಗಕ್ಕ ಕಾಗದದ ಚೂರುಗಳನ್ನು ಆಸಕ್ತಿಯಿಂದಲೇ ನೋಡಿದಳು. "ಛಲೋ ಹಾರತಾವ್ರಿ ಅಕ್ಕಾರ. ಆದ್ರ ಕಾಗದಕ್ಕ ಎಂದಾರ ಜಡಿ ಬಂದಾವೇನ್ರಿ?"

"ಅಲ್ರಿ, ಆ ಗಂಟು..."

"ನಿಮ್ಮ ಹಣಗ್ಯಾಗೂ ಆಕೀನ ಕುಂತಾಳ್ರಿ. ನಿಮಗ ಕಾಣವಲ್ಲಳು, ಅಷ್ಟ." ಆಮೇಲೆ ಅವಳು ನನ್ನ ತಲೆಯನ್ನೇ ದಿಟ್ಟಿಸತೊಡಗಿದಳು. ಪ್ರಯೋಗದ ದೆಸೆಯಿಂದ ನನ್ನ ಕೂದಲೆಲ್ಲ ಎದ್ದು ನಿಂತಿತ್ತು. "ಒಂದೀಟು ಹೊಳ್ಳಿ ಕುಂಡರ್ರಿ ಅಕ್ಕಾರ, ನಿಮ್ಮ ಹೆಡಕಿನ್ಯಾಗೂ ಏನರ ಇಳಿದಾವೇನು ನೋಡೂಣು."

ನಾನು ಕಾಗದದ ಚೂರುಗಳನ್ನು ಅಲ್ಲಿಯೇ ಬಿಟ್ಟು ಮನೆಗೆ ಬಂದೆ. ಬಂದವಳೇ ಔಡಲ ಎಣ್ಣೆಯನ್ನು ತಲೆಗೆ ಸುರಿದುಕೊಂಡೆ. ಈಗ ನಗು ಬರುತ್ತದೆ. ಆಗ ಹೆಡಕಿಗೆ ಕೈ ಹಾಕಿ ಗಂಟೇನಾದರೂ ಇದೆಯೇ ಎಂದು ತಡವಿ ನೋಡಿಕೊಂಡಿದ್ದೆ.

ಇಷ್ಟು ದಿನ ಆಯಿ ಒಂದು ಮಾತೂ ಆಡಿರಲಿಲ್ಲ. ಮೂಲೆಯಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದಳು. ಮಂಗಳವಾರ ಗಂಗಕ್ಕ ಜಗಲಿಯ ಮೇಲಿನ ಎಲ್ಲಮ್ಮನ ಬೆಳ್ಳಿಮುಖಕ್ಕೆ ಎಣ್ಣೆ ಹಚ್ಚಿ ತೊಳೆಯುತ್ತಿದ್ದಾಗ ನಾನು ಮಜ್ಜಿಗೆ ಕೊಡಲು ಹೋಗಿದ್ದೆ. ಆಯಿ ಕೆಲಸದಿಂದ ಮುಖವೆತ್ತದೆ ಕೇಳಿದಳು.

"ಅಲ್ಲ ಬೇ ಗಂಗಿ, ತಾಯಿ ಎಲ್ಲದಾಳ?"

"ಎಲ್ಲದಾಳ ಅಂದ್ರ? ನೀಲಿ ತಲ್ಯಾಗ ಬಂದಾಳಲ್ಲ ಬೇ."

"ಹಂಗಾರ ಬೆಳ್ಳಿಗೆ ಎಣ್ಣಿ ಹಚ್ಚಾಕತ್ತೀಯಲ್ಲ, ತಲಿಗೆ ಬ್ಯಾಡೇನ? ತಾಯಿ ತಾನಾಗಿ ಮನಿಗೆ ಬಂದಾಳ ಅಂತೀ. ಬಂದಾಕೀನ ಒಣ ಭಂಡಾರ ಹಾಕಿ ಕುಂದರಿಸೀಯಲ್ಲ. ಎಣ್ಣಿಲ್ಲ, ನೀರಿಲ್ಲ. ಇದೆಂಥಾ ಸೇವಾ?"

ಗಂಗಕ್ಕನ ಕೈ ನಿಂತಿತು. "ಜಡಿ ಮುಟ್ಟಬಾರದು ಅಂತಾರಲ್ಲ ಬೇ."

"ಹಣಗಿ ಮುಟ್ಟಸಬಾರದು. ಕತ್ರಿ ಮುಟ್ಟಸಬಾರದು. ಎಣ್ಣಿ ಬೆರಳು ಮುಟ್ಟಸಬಾರದು ಅಂತ ಯಾರು ಹೇಳ್ಯಾರ? ಎಣ್ಣಿಗೆ ಜಡಿ ಬಿಟ್ಟು ಹ್ವಾದ್ರ ಹ್ವಾತು. ಆಕಿಗೆ ಬೇಕಿದ್ರ ಮತ್ತ ಕಟ್ಟಿಕೋತಾಳ. ಆಕೀಗೇನು ಬರೂದಿಲ್ಲೇನ?"

ಗಂಗಕ್ಕ ಎಣ್ಣೆಯ ಬಟ್ಟಲನ್ನು ಜಗಲಿಯಿಂದ ಕೆಳಗಿಳಿಸಿದಳು. ಹುಣ್ಣಿಮೆಯವರೆಗೆ ದಿನವೂ ಎಣ್ಣೆ ಸೇವೆ ನಡೆಯಲಿ ಎಂದಾಯಿತು. ಎಲ್ಲಮ್ಮನ ಭಕ್ತಿಯಿಂದ ಆಯಿ ಹಾಗೆ ಹೇಳಿದಳೋ, ಮೊಮ್ಮಗಳನ್ನು ಉಳಿಸಿಕೊಳ್ಳಲು ಹೇಳಿದಳೋ, ನಾನು ಇಂದಿಗೂ ಹೇಳಲಾರೆ. ಎರಡೂ ಇದ್ದವು ಎಂದೇ ನನಗೆ ತೋರುತ್ತದೆ. ಎಣ್ಣೆ ಹಚ್ಚುವ ಮೊದಲು ಅವಳು ಆ ಗಂಟಿಗೆ ಕೈಮುಗಿಯುತ್ತಿದ್ದಳು, ಅದು ನಟನೆಯಾಗಿರಲಿಲ್ಲ.

ಮಧ್ಯಾಹ್ನದ ಬಿಸಿಲಲ್ಲಿ ಅಂಗಳದೊಳಗೆ ಸೇವೆ. ಔಡಲ ಎಣ್ಣೆ ಬಿಸಿ ಮಾಡಿ ತರುವುದು ನನ್ನ ಕೆಲಸ. ಆಯಿ ಹಾಸಿದ ಕಂಬಳಿಯನ್ನು ತೆಗೆದು ನಮ್ಮ ಮನೆಯ ಹತ್ತಿಯ ಜಮಖಾನೆ ಹಾಸಿದೆ. ಕಂಬಳಿಯ ಮೇಲೆ ಕೂತರೆ ಕೂದಲು ಮತ್ತೆ ಏಳುತ್ತಿತ್ತು. ಈ ಇಡೀ ಪ್ರಕರಣಕ್ಕೆ ನನ್ನ ಪಿಯುಸಿ ಕೊಟ್ಟ ಕಾಣಿಕೆ ಆ ಜಮಖಾನೆ ಒಂದೇ. ಆಯಿ ಎಣ್ಣೆಯನ್ನು ಗಂಟಿನೊಳಗೆ ಇಳಿಯಬಿಟ್ಟು, ಉಣ್ಣೆ ಹಿಂಜಿ ಪಳಗಿದ ಬೆರಳುಗಳಿಂದ ಅಂಚಿನ ಒಂದೊಂದೇ ಎಳೆಯನ್ನು ಹೊರಗೆ ಕರೆಯುತ್ತಿದ್ದಳು. ಜಗ್ಗುವುದಿಲ್ಲ. ಎಳೆ ಬರದಿದ್ದರೆ ಬಿಟ್ಟು ಇನ್ನೊಂದನ್ನು ಹುಡುಕುವಳು. ಅವಳ ಬೆರಳು ಸೋತಾಗ ನನ್ನ ಬೆರಳು. ಒಮ್ಮೆ ಕೆಲಸದ ನಡುವೆ, ಯಾರಿಗೆ ಹೇಳುತ್ತಿದ್ದಾಳೆಂದು ತಿಳಿಯದ ಹಾಗೆ, "ನಮ್ಮಕ್ಕನ ತಲಿಗೆ ಯಾರೂ ಎಣ್ಣಿ ಹಚ್ಚಲಿಲ್ಲ" ಎಂದಳು. ಅಷ್ಟೇ. ಅವಳಿಗೆ ಅಕ್ಕ ಇದ್ದದ್ದು ನನಗೆ ಗೊತ್ತಿರಲಿಲ್ಲ. ಆ ಅಕ್ಕನಿಗೆ ಏನಾಯಿತೆಂದು ನಾನು ಕೇಳಲಿಲ್ಲ.

ನೀಲವ್ವ ಮೊದಲು ಅಳುತ್ತಿದ್ದಳು. ಸ್ಕಾರ್ಫನ್ನು ಕೈಯಲ್ಲಿ ಮುದ್ದೆ ಮಾಡಿ ಹಿಡಿದುಕೊಂಡಿದ್ದಳು. ಯಾಕವ್ವಾ ಇದನ್ನು ಬಿಚ್ಚಲೇ ಇಲ್ಲ ನೀನು ಎಂದು ಕೇಳಿದೆ.

"ನಮ್ಮವ್ವ ಹೋಗೂಮುಂದ ಕಟ್ಟಿದ್ಲು. ನಾ ಬರೂತನಕ ಬಿಚ್ಚಬ್ಯಾಡ, ಥಂಡಿ ಹತ್ತತೈತಿ ಅಂದಿದ್ಲು."

ಬಸ್ಸು ಹತ್ತುವ ಅವಸರದಲ್ಲಿ ಯಾವ ತಾಯಿಯಾದರೂ ಆಡುವ ಮಾತು. ಕೂಸು ಅದನ್ನು ಅಕ್ಷರಶಃ ಪಾಲಿಸಿತ್ತು. ಆ ಮಧ್ಯಾಹ್ನ ನಾನು ಎಷ್ಟೋ ಹೊತ್ತು ಎಳೆ ಬಿಡಿಸಲಾಗದೆ ಕೂತೆ. ಕಣ್ಣು ಮಂಜಾಗಿತ್ತು.

ಮುಷ್ಟಿಯಷ್ಟಿದ್ದ ಗಂಟು ನಿಂಬೆಹಣ್ಣಿನಷ್ಟಾಯಿತು, ಆಮೇಲೆ ಬಾರೆಹಣ್ಣಿನಷ್ಟಾಯಿತು. ಗಂಗಕ್ಕ ಹೊಲದಿಂದ ಬಂದು ದಿನವೂ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಮಾಧಾನ ಕಂಡೆ ಎಂದರೆ ಸುಳ್ಳಾಗುತ್ತದೆ. ಗಂಟು ಸಣ್ಣದಾದಷ್ಟೂ ಅವಳ ಹೆದರಿಕೆ ದೊಡ್ಡದಾಗುತ್ತಿತ್ತು. ಒಮ್ಮೆ ಒಂದು ಕೂಸನ್ನು ಕಳೆದುಕೊಂಡವಳಿಗೆ ಇನ್ನೊಂದನ್ನು ತಾಯಿಯ ಸಿಟ್ಟಿಗೆ ಒಡ್ಡಿದೆವೇನೋ ಎಂಬ ಚಿಂತೆ. ನೀಲವ್ವನಪ್ಪ ಹುಣ್ಣಿಮೆಯ ಹಿಂದಿನ ದಿನ ಮಂದೆಯನ್ನು ಅಲ್ಲಿಯೇ ಬಿಟ್ಟು ಬಂದ. ಮಗಳ ತಲೆಯನ್ನು ದೂರದಿಂದ ನೋಡಿ, "ನೀವು ಹೆಂಗಂತೀರಿ ಹಂಗ" ಎಂದು ಚಕ್ಕಡಿಯ ಗಾಲಿಗೆ ಎಣ್ಣೆ ಬಿಡಲು ಹೋದ. ಗಂಟು ಆಗ ಹುಣಸೆ ಬೀಜದಷ್ಟಿತ್ತು. ಬೀಜದಷ್ಟಿದ್ದರೂ ಜಡಿ ಜಡಿಯೇ, ನಾಳೆ ಹೋಗುವುದೇ ಎಂದಳು ಗಂಗಕ್ಕ.

"ಹೋಗೂಣಂತ," ಎಂದಳು ಆಯಿ. "ಆದ್ರ ಇವತ್ತಿನ ಸೇವಾ ನೀನ ಮಾಡು. ನನ್ನ ಕೈ ಏಳವಲ್ವು."

ಗಂಗಕ್ಕ ನನ್ನ ಕಡೆ ನೋಡಿದಳು. ನಾನು ಎಣ್ಣೆಯ ಬಟ್ಟಲನ್ನು ಅವಳ ಕಡೆ ಸರಿಸಿದೆ. ಅವಳು ಎದ್ದು ಹೋಗಿ ಕೈ ತೊಳೆದು ಬಂದಳು. ನೀಲವ್ವನ ಹಿಂದೆ ಕೂತಳು. ಕಣ್ಣು ಮುಚ್ಚಿ ಸಣ್ಣ ದನಿಯಲ್ಲಿ ಹೇಳಿದಳು: "ತಾಯಿ, ನಿನಗ ಬೇಕಂದ್ರ ಹಿಡಕೊ. ನಾ ಜಗ್ಗಂಗಿಲ್ಲ."

ಅವಳವು ಹತ್ತಿ ಬಿಡಿಸುವ ಬೆರಳು. ಒಡೆದ ಕಾಯಿಯೊಳಗಿಂದ ಸಿಪ್ಪೆ ಹತ್ತದ ಹಾಗೆ ಅರಳೆಯನ್ನಷ್ಟೇ ತೆಗೆಯುವುದು ಅವಕ್ಕೆ ರೂಢಿಯಾಗಿತ್ತು. ಬಹಳ ಹೊತ್ತು ಏನೂ ಆಗಲಿಲ್ಲ. ಬಿಸಿಲು ಗೋಡೆಯಿಂದ ಕೆಳಗಿಳಿಯಿತು. ಒಮ್ಮೆ ಅವಳ ಉಗುರು ಯಾವುದೋ ಎಳೆಗೆ ಸಿಕ್ಕಿತು. ಅದು ಬಂತು, ಅದರ ಹಿಂದೆ ಇನ್ನೊಂದು. ಆಮೇಲೆ ಬೆರಳುಗಳ ನಡುವೆ ಗಂಟು ಎಂಬುದೇ ಇರಲಿಲ್ಲ. ಬರೀ ಕೂದಲಿತ್ತು.

ಗಂಗಕ್ಕನಿಗೆ ಅದು ಗೊತ್ತಾಯಿತೋ ಇಲ್ಲವೋ. ಬಿಚ್ಚಿದ ಕೂದಲು ಕೈಗೆ ಸಿಕ್ಕ ಯಾವ ಹೆಂಗಸಾದರೂ ಮಾಡುವುದನ್ನೇ ಅವಳ ಕೈ ಮಾಡಿತು. ಎಣ್ಣೆಗೈಯಿಂದ ಎರಡು ಸಲ ಸವರಿತು, ನಡುವೆ ಬೈತಲೆ ತೆಗೆಯಿತು, ಒಂದು ಕಡೆಯದನ್ನು ಮೂರು ಪಾಲು ಮಾಡಿ ಹೆರಳು ಹಾಕತೊಡಗಿತು. ಅಷ್ಟರಲ್ಲಿ ಓಣಿಯಲ್ಲಿ ಯಾರೋ ಕೂಗಿದ್ದಕ್ಕೆ ನೀಲವ್ವ ಗಕ್ಕನೆ ತಲೆ ತಿರುಗಿಸಿದಳು.

"ಸುಮ್ಮನ ಕುಂಡ್ರ ಬೇ! ಹೆರಳು ಸೊಟ್ಟ ಆಗತೈತಿ!" ಎಂದು ಗಂಗಕ್ಕ ಅವಳ ನೆತ್ತಿಗೆ ಒಂದು ಮೊಟಕಿದಳು.

ಗಂಗಕ್ಕ ಎತ್ತಿದ ಕೈಯನ್ನು ಹಾಗೆಯೇ ಗಾಳಿಯಲ್ಲಿ ಹಿಡಿದಿದ್ದಳು. ಯಾರ ತಲೆಗೆ ಮೊಟಕಿದೆನೆಂದು ಅವಳಿಗೆ ಆಗ ನೆನಪಾಗಿತ್ತು. ನೀಲವ್ವ ನೆತ್ತಿ ಸವರಿಕೊಂಡಳು. ಆಮೇಲೆ ಹಿಂದಕ್ಕೆ ಜರುಗಿ, ಅತ್ತೆಯ ಎರಡು ಮೊಳಕಾಲುಗಳ ನಡುವೆ ಬೆನ್ನು ಆನಿಸಿ ಕೂತಳು.

"ಅತ್ತಿ, ಬಿಗಿ ಹಾಕಬ್ಯಾಡ. ನೋಯತೈತಿ."

"ಬಿಗಿ ಹಾಕಲಿಲ್ಲಂದ್ರ ಮತ್ತ ಹಾರತಾವು," ಎಂದಳು ಗಂಗಕ್ಕ. ಎತ್ತಿದ ಕೈ ಕೆಳಗಿಳಿದು ಮತ್ತೆ ಹೆರಳು ಹಾಕತೊಡಗಿತು.

ಮರುದಿನ ಅವರು ಗುಡ್ಡಕ್ಕೆ ಹೋದರು. ಚರಿಗೆ ತುಂಬ ಎಣ್ಣೆ ಒಯ್ದು ತಾಯಿಗೆ ಕೊಟ್ಟು, ಎರಡು ಹೆರಳಿನ ಹುಡುಗಿಯನ್ನು ಹಾಗೆಯೇ ಮನೆಗೆ ಕರೆತಂದರು. ಆಚೆ ಸೋಮವಾರ ಅವಳು ಸಾಲಿಗೆ ಹೋದಳು.

ಚಳಿಗೆ ಹಾರುವ ಕೂದಲಿಗೆ ಏನು ಮಾಡಬೇಕೆಂದು ಈಗಲೂ ನೆಂಟರ ಹುಡುಗಿಯರು ನನ್ನನ್ನು ಕೇಳುತ್ತಾರೆ. ಕಟ್ಟಿಗೆಯ ಹಣಿಗೆ ಇಟ್ಟುಕೊಳ್ಳಿ, ತಲೆಗೆ ಹತ್ತಿಬಟ್ಟೆ ಕಟ್ಟಿಕೊಳ್ಳಿ, ಎಣ್ಣೆಯನ್ನು ಬೆಚ್ಚಗೆ ಮಾಡಿ ಹಚ್ಚಿ ಎನ್ನುತ್ತೇನೆ. ಇದೆಲ್ಲ ಮಾಡಿದರೆ ಮುಂದಿನ ಕೂದಲು ಕೂರುತ್ತದೆ. ಹಿಂದಿನದು ನಮಗೆ ಕಾಣುವುದಿಲ್ಲ. ಅದಕ್ಕೆ, ಕೈಯಲ್ಲಿ ಎಷ್ಟೇ ಕೆಲಸವಿದ್ದರೂ ಹಿಂದೆ ಬಂದು ಕೂತು, ಅಲುಗಿದರೆ ನೆತ್ತಿಗೊಂದು ಮೊಟಕುವವರು ಮನೆಯಲ್ಲಿ ಒಬ್ಬರಾದರೂ ಬೇಕು.